ಬೀದಿ ಹಲ್ಲೆ ಮತ್ತು ಮನೆಯವರ ನ್ಯಾಯದ ಓಡಾಟ: ನಾಟಕದಲ್ಲಿ ಆಸ್ಪತ್ರೆ, ಠಾಣೆ, ಕೋರ್ಟು ಸರಿಯಾಗಿ ಬರಬೇಕೆಂದರೆ?

ಪ್ರಶ್ನೆ: ಹವ್ಯಾಸಿ ರಂಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡ ಒಂದೂಮುಕ್ಕಾಲು ತಾಸಿನ ಸಾಮಾಜಿಕ ನಾಟಕ ಸಿದ್ಧಮಾಡುತ್ತಿದೆ. ಮೊದಲ ಪ್ರಯೋಗ ಊರಲ್ಲೇ, ಆಮೇಲೆ ಚಿತ್ರದುರ್ಗದ ತ.ರಾ.ಸು. ರಂಗಮಂದಿರದಲ್ಲಿ.

ಕಥೆ ದಾವಣಗೆರೆಯದೇ, ಕಾಲ 2025. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಅಕ್ಕ ಖಾಸಗಿ ಶಾಲೆಯಲ್ಲಿ ಟೀಚರ್. ತಮ್ಮನಿಗೆ 22, ಮೊಬೈಲ್ ಅಂಗಡಿಯಲ್ಲಿ ಕೆಲಸ. ರಾತ್ರಿ ಹತ್ತೂವರೆಗೆ ಹದಡಿ ರಸ್ತೆಯ ಮಂಡಕ್ಕಿ-ಮೆಣಸಿನಕಾಯಿ ಗಾಡಿಯ ಮುಂದೆ ಬೈಕ್ ನಿಲ್ಲಿಸುವ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ನಾಲ್ಕು ಜನ ರಾಡು, ಲಾಂಗು ಹಿಡಿದು ಹೊಡೆಯುತ್ತಾರೆ. ಹುಡುಗನ ಬಲಗೈ ಮೂಳೆ ಮುರಿದಿದೆ, ತಲೆಗೆ ಪೆಟ್ಟಾಗಿದೆ. ಉಳಿದ ನಾಟಕವೆಲ್ಲ ಮನೆಯವರ ಓಡಾಟ.

ಈಗಿರುವ ಕರಡಿನಲ್ಲಿ ಎರಡನೇ ದೃಶ್ಯದಲ್ಲಿ ಪಿಎಸ್‌ಐ ದೂರು ತಗೊಳ್ಳುವುದಿಲ್ಲ. ಮೂರನೇ ದೃಶ್ಯದಲ್ಲಿ ಅಕ್ಕ ಕೋರ್ಟಿನಲ್ಲಿ ಒಂದೂವರೆ ಪುಟದ ಮಾತಾಡುತ್ತಾಳೆ, ನ್ಯಾಯಾಧೀಶರು ಸುತ್ತಿಗೆ ಬಡಿದು ಶಿಕ್ಷೆ ಹೇಳುತ್ತಾರೆ. ಓದಿದವರೆಲ್ಲ "ಇದು ಸಿನಿಮಾ ಆಯ್ತು" ಅಂದರು. ಮೊದಲ ರಾತ್ರಿ ನಿಜಕ್ಕೂ ಏನೇನು ನಡೆಯುತ್ತದೆ? ಠಾಣೆಯವರು ಹಿಂದೇಟು ಹಾಕಿದರೆ ಮನೆಯವರು ಎಲ್ಲಿಗೆ ಹೋಗಬಹುದು? ಕೋರ್ಟಿನಲ್ಲಿ ಅಕ್ಕನಿಗೆ ಮಾತಾಡುವ ಅವಕಾಶ ಎಷ್ಟು? ಇನ್ನೊಂದು, ಹೊಡೆದಾಟವನ್ನು ನಟರಿಗೆ ಪೆಟ್ಟಾಗದ ಹಾಗೆ ರಂಗದ ಮೇಲೆ ತೋರಿಸುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಕ್ಯಾಶುವಾಲ್ಟಿ ದಾಖಲೆ

ನಿಮ್ಮ ಎರಡನೇ ದೃಶ್ಯ ಠಾಣೆ ಆಗಬಾರದು, ಆಸ್ಪತ್ರೆ ಆಗಬೇಕು. ಇಂಥ ಕೇಸುಗಳು ನಿಲ್ಲುವುದೂ ಬೀಳುವುದೂ ಬಹಳ ಸಲ ಕ್ಯಾಶುವಾಲ್ಟಿ ಮೇಜಿನ ಮೇಲೆ ಬರೆಯುವ ಒಂದೇ ಸಾಲಿನಲ್ಲಿ.

ಹುಡುಗನನ್ನು ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ತರುತ್ತಾರೆ ಎಂದುಕೊಳ್ಳಿ. ಡ್ಯೂಟಿ ಡಾಕ್ಟರು ಮೊದಲು ಕೇಳುವುದು "ಏನಾಯ್ತು?" ಅಂತ. ಆ ಉತ್ತರ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣ) ರಿಜಿಸ್ಟರಿನಲ್ಲೂ ಕೇಸ್ ಶೀಟಿನಲ್ಲೂ ಹೋಗಿ ಕೂರುತ್ತದೆ: ಎಷ್ಟು ಗಂಟೆಗೆ, ಎಲ್ಲಿ, ಯಾವುದರಿಂದ ಪೆಟ್ಟಾಯಿತು, ಕರೆತಂದವರು ಯಾರು, ಮೈಮೇಲಿನ ಎರಡು ಗುರುತಿನ ಮಚ್ಚೆ. ಇಲ್ಲೇ ನೆಂಟರಲ್ಲಿ ಹಿರಿಯರೊಬ್ಬರು ಅಪ್ಪನ ಕಿವಿಯಲ್ಲಿ "ಬೈಕಿನಿಂದ ಬಿದ್ದ ಅಂತ ಹೇಳ್ರಿ, ಪೊಲೀಸು ಗಿಲೀಸು ಅಂದ್ರೆ ಟ್ರೀಟ್‌ಮೆಂಟ್ ತಡ ಆಗ್ತದೆ" ಅನ್ನುತ್ತಾರೆ. ಅಪ್ಪ ಹಾಗೇ ಹೇಳಿಬಿಟ್ಟರೆ ಆ ಸಾಲು ಕೊನೆಯವರೆಗೂ ಬೆನ್ನು ಬಿಡುವುದಿಲ್ಲ. ಎರಡು ವರ್ಷ ಬಿಟ್ಟು ಆರೋಪಿ ಪರ ವಕೀಲರು ಡಾಕ್ಟರನ್ನು ಕೇಳುವ ಮೊದಲ ಪ್ರಶ್ನೆಯೇ ಅದು: "ಆಸ್ಪತ್ರೆಗೆ ಬಂದಾಗ ಅಪಘಾತ ಅಂತ ತಾನೇ ಬರೆಸಿದ್ದು?" ವಾಸ್ತವದಲ್ಲಿ ಎಂಎಲ್‌ಸಿ ಆದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಚಿಕಿತ್ಸೆ ಒಂದು ಕಡೆ, ಠಾಣೆಗೆ ಮಾಹಿತಿ ಕಳಿಸುವುದು ಇನ್ನೊಂದು ಕಡೆ ನಡೆಯುತ್ತದೆ. ಖಾಸಗಿ ಆಸ್ಪತ್ರೆಗೆ ಹೋದರೂ ಹಾಗೇ.

ಗಾಯದ ಪ್ರಮಾಣ ಪತ್ರ, ಅಂದರೆ ಎಲ್ಲರೂ ಹೇಳುವ ವೂಂಡ್ ಸರ್ಟಿಫಿಕೇಟ್, ಅದೇ ರಾತ್ರಿ ಮನೆಯವರ ಕೈಗೆ ಬರುವುದಿಲ್ಲ. ಠಾಣೆಯಿಂದ ಕೋರಿಕೆ ಪತ್ರ ಬರಬೇಕು, ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್ ವರದಿ ಸೇರಬೇಕು, ಆಮೇಲೆ ಡಾಕ್ಟರು "ಸಾದಾ" ಅಥವಾ "ತೀವ್ರ" ಎಂದು ಅಭಿಪ್ರಾಯ ಬರೆಯುತ್ತಾರೆ. ತೀವ್ರ ಅನ್ನುವುದು ಬಾಯಿಮಾತಿನ ಲೆಕ್ಕವಲ್ಲ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂನಲ್ಲಿ ಎಂಟು ಬಗೆ ಹೇಳಿದೆ. ಮೂಳೆ ಅಥವಾ ಹಲ್ಲು ಮುರಿಯುವುದು, ಕೀಲು ತಪ್ಪುವುದು ಅದರಲ್ಲಿ ಒಂದು. ಜೀವಕ್ಕೆ ಅಪಾಯ ತರುವ ಪೆಟ್ಟು, ಅಥವಾ 15 ದಿನ ತೀವ್ರ ನೋವು ಇಲ್ಲವೇ ದಿನನಿತ್ಯದ ಕೆಲಸ ಮಾಡಲಾಗದ ಸ್ಥಿತಿ ಇನ್ನೊಂದು. ತಲೆಗೆ ಹತ್ತು ಹೊಲಿಗೆ ಬಿದ್ದು ರಕ್ತ ಧಾರಾಕಾರ ಹರಿದಿದ್ದರೂ ಒಳಗೆ ಮೂಳೆ, ಮಿದುಳು ಸರಿಯಿದ್ದರೆ ಆ ಗಾಯ "ಸಾದಾ" ಎಂದೇ ಬರಬಹುದು. ರಕ್ತ ಕಂಡ ಅವ್ವನಿಗೆ ಇದು ಅರ್ಥವೇ ಆಗುವುದಿಲ್ಲ. ಆ ಜಾಗದಲ್ಲಿ ನಿಮಗೆ ಒಳ್ಳೆಯ ಸಂಭಾಷಣೆ ಇದೆ.

ಹುಡುಗನನ್ನು ಮಧ್ಯರಾತ್ರಿ ಬೇರೆ ಆಸ್ಪತ್ರೆಗೆ ಒಯ್ಯುವ ದೃಶ್ಯ ಇದ್ದರೆ ರೆಫರೆನ್ಸ್ ಚೀಟಿ, ಎಕ್ಸ್‌ರೇ ಫಿಲ್ಮು, ಮೊದಲ ಆಸ್ಪತ್ರೆಯ ಎಂಎಲ್‌ಸಿ ನಂಬರು ಅಕ್ಕನ ಕೈಯಲ್ಲಿರಲಿ. ಎರಡು ಆಸ್ಪತ್ರೆಯ ದಾಖಲೆಯಲ್ಲಿ ಎರಡು ಕಥೆ ಬಂದರೆ ಲಾಭ ಆರೋಪಿಗೆ.

ಬಟ್ಟೆ. ರಕ್ತವಾದ ಅಂಗಿಯನ್ನು ಅವ್ವ ಅಥವಾ ಚಿಕ್ಕಮ್ಮ ಬೆಳಿಗ್ಗೆ ಎದ್ದು ಒಗೆದುಬಿಡುತ್ತಾರೆ, ಮಗನ ರಕ್ತ ನೋಡಲಾಗದೆ. ಆದರೆ ಅದು ಸಾಕ್ಷ್ಯ. ನೆರಳಲ್ಲಿ ಒಣಗಿಸಿ ಕಾಗದದ ಕವರಿನಲ್ಲಿಟ್ಟು ತನಿಖಾಧಿಕಾರಿಗೆ ಪಂಚನಾಮೆ ಮೂಲಕ ಕೊಡಬೇಕು. ಪ್ಲಾಸ್ಟಿಕ್ ಚೀಲಕ್ಕೆ ಹಸಿಯಾಗಿ ತುಂಬಿದರೆ ಬೂಷ್ಟು ಹಿಡಿದು ಪರೀಕ್ಷೆಗೆ ಬಾರದ ಹಾಗಾಗುತ್ತದೆ. ಪರೀಕ್ಷೆಗೆ ಬೆಂಗಳೂರಿಗೇ ಕಳಿಸಬೇಕೆಂದೇನಿಲ್ಲ, ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ದಾವಣಗೆರೆಯಲ್ಲೇ ಇದೆ.

ಉತ್ತರ: ಜೆಎಂಎಫ್‌ಸಿ ಅಂಗಳ

ಮೇಲಿನವರು ಹೇಳಿದ್ದಕ್ಕೆ ಮುಂದುವರಿಸುತ್ತೇನೆ. 2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಯಲ್ಲಿವೆ: ಐಪಿಸಿ ಬದಲು ನ್ಯಾಯ ಸಂಹಿತೆ, ಸಿಆರ್‌ಪಿಸಿ ಬದಲು ನಾಗರಿಕ ಸುರಕ್ಷಾ ಸಂಹಿತೆ. 2025ರ ಕಥೆಯಲ್ಲಿ ಯಾರ ಬಾಯಲ್ಲೂ "ತ್ರೀ ನಾಟ್ ಸೆವೆನ್" (ಐಪಿಸಿಯ 307, ಕೊಲೆ ಯತ್ನ) ಅಂತ ಕೇಸು ಹಾಕಿಸಬೇಡಿ. ಹಳಬರು ಮಾತಿಗೆ ಹಾಗೆ ಅನ್ನಬಹುದು, ಎಫ್‌ಐಆರ್‌ನಲ್ಲಿ ಇರುವುದು 109.

ಠಾಣೆಯಲ್ಲಿ "ದೂರು ತಗೊಳ್ಳಲ್ಲ ಹೋಗ್ರಿ" ಎಂದು ಮುಖಕ್ಕೆ ಹೇಳುವುದು ಅಪರೂಪ. ಹಿಂದೇಟು ಬರುವುದು ಮೆತ್ತಗಿನ ದಾರಿಯಲ್ಲಿ. "ಎನ್‌ಸಿ ಮಾಡ್ಕೊಡ್ತೀವಿ" (ಅಸಂಜ್ಞೇಯ ಎಂದು ಬರೆದುಕೊಂಡು ಚೀಟಿ ಕೊಡುವುದು), "ನಾಳೆ ಅವರನ್ನೂ ಕರೆಸ್ತೀವಿ, ಕೂತು ಮಾತಾಡಿ", "ವೂಂಡ್ ಸರ್ಟಿಫಿಕೇಟ್ ಬರ್ಲಿ ಆಮೇಲೆ ನೋಡೋಣ". ಇದರ ಹಿಂದಿನ ಲೆಕ್ಕ ಹೀಗಿದೆ. ಬರೀ 115(2) (ಸಾದಾ ಗಾಯ), 352 (ಬೈದು ಅವಮಾನಿಸುವುದು) ಹಾಕಿದರೆ ಅದು ಅಸಂಜ್ಞೇಯ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆಯೇ ಇಲ್ಲ. ಕೈಯಿಂದ ಹೊಡೆದು ಮೂಳೆ ಮುರಿದರೆ 117(2), ಏಳು ವರ್ಷದವರೆಗೆ ಶಿಕ್ಷೆ ಇದೆ, ಆದರೆ ಜಾಮೀನು ಸಿಗುವ ಅಪರಾಧ. ರಾಡಿನಂಥ ಅಪಾಯಕಾರಿ ಆಯುಧದಿಂದ ಮುರಿದರೆ 118(2), ಜಾಮೀನು ರಹಿತ, ಜೀವಾವಧಿಯವರೆಗೂ ಹೋಗಬಹುದು. ಲಾಂಗನ್ನು ತಲೆಗೆ ಗುರಿ ಮಾಡಿ ಬೀಸಿದ್ದರೆ, ಕೊಲ್ಲುವ ಉದ್ದೇಶ ಕಾಣುವಂತಿದ್ದರೆ 109, ಸೆಷನ್ಸ್ ವಿಚಾರಣೆ. ನಾಲ್ವರೂ ಒಂದೇ ಉದ್ದೇಶದಿಂದ ಸೇರಿದ್ದರೆ ಜೊತೆಗೆ 3(5). ಐದು ಜನ ಆಗಿದ್ದರೆ ಅಕ್ರಮ ಕೂಟದ ಕಲಂಗಳು ಬರುತ್ತಿದ್ದವು. ನಾಲ್ಕೋ ಐದೋ ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ, ನಡುವೆ ಬದಲಿಸಬೇಡಿ.

ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ತಾವೇ ತನಿಖೆ ಮಾಡಬಹುದಾದ ಅಪರಾಧದ ಮಾಹಿತಿ ಇದ್ದರೆ ಎಫ್‌ಐಆರ್ ಕಡ್ಡಾಯ ಎಂದು 2013ರಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಈಗ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದೆ. ಘಟನೆ ಬೇರೆ ಠಾಣೆಯ ಸರಹದ್ದಿನದು ಎಂದು ಓಡಿಸುವಂತಿಲ್ಲ, ಜೀರೋ ಎಫ್‌ಐಆರ್ ಮಾಡಬೇಕು. ಪ್ರತಿಯನ್ನು ಪುಕ್ಕಟೆ ಕೊಡಬೇಕು. 173(3)ರ ಪ್ರಾಥಮಿಕ ವಿಚಾರಣೆ ಎಂಬ ದಾರಿಯೊಂದಿದೆ: ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಮುಗಿಸಬೇಕು. ಆದರೆ ಅದು ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಮೂಳೆ ಮುರಿದ ನಿಮ್ಮ ಹುಡುಗನ ಕೇಸಿಗೆ ಅದು ಅನ್ವಯಿಸುವುದಿಲ್ಲ. ಅಕ್ಕ ಓದಿದವಳು, ಈ ಒಂದು ಮಾತು ಅವಳಿಗೆ ಗೊತ್ತಿದ್ದರೆ ಠಾಣೆಯ ದೃಶ್ಯದ ತೂಕವೇ ಬದಲಾಗುತ್ತದೆ.

ಆದರೂ ಆಗಲಿಲ್ಲ ಎಂದರೆ? ಕೊಟ್ಟ ಅರ್ಜಿಯ ಇನ್ನೊಂದು ಪ್ರತಿಗೆ ಠಾಣೆಯ ಸೀಲು, ದಿನಾಂಕ ಹಾಕಿಸಿಕೊಳ್ಳಬೇಕು, ಅಥವಾ ಠಾಣೆಯ ಲಿಖಿತ ಉತ್ತರವಾದ ಹಿಂಬರಹ ಕೇಳಬೇಕು. ಅದೇ ಅರ್ಜಿಯನ್ನು ಎಸ್‌ಪಿಯವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಅದಕ್ಕೂ ಉತ್ತರವಿಲ್ಲದಿದ್ದರೆ 175(3) ಅಡಿ ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಸಹಿತ ಅರ್ಜಿ. ಎಸ್‌ಪಿ ಹಂತ ಹಾರಿಸಿ ನೇರ ಕೋರ್ಟಿಗೆ ಹೋದರೆ ಅರ್ಜಿ ಅಲ್ಲೇ ಬಿದ್ದುಹೋಗುವ ಸಂಭವ ಹೆಚ್ಚು. ಜನ ಎಡವುವುದು ಇಲ್ಲೇ. ಅಂಚೆ ರಸೀದಿಯಂಥ ಸಣ್ಣ ಚೀಟಿಯನ್ನು ಅಪ್ಪ ಅಂಗಿಯ ಜೇಬಿನಲ್ಲಿ ಮಡಚಿಟ್ಟು ಮರೆತರೆ ಒಂದು ತಿಂಗಳು ಹಿಂದಕ್ಕೆ ಹೋದಂತೆ.

ದೂರು ಬರೆಯುವ ರೀತಿ ಇನ್ನೂ ಮುಖ್ಯ. "ನಾಲ್ಕು ಜನ ಸೇರಿ ಹೊಡೆದರು" ಎಂದರೆ ಸಾಲದು. ಯಾರು, ಯಾವುದರಿಂದ, ದೇಹದ ಯಾವ ಭಾಗಕ್ಕೆ. ಬೀದಿದೀಪ ಎಲ್ಲಿತ್ತು. ಬಿಡಿಸಿದವರು ಯಾರು. ಹೆಸರು ಗೊತ್ತಿಲ್ಲದವರ ಚಹರೆ. ತಡವಾಗಿ ಕೊಟ್ಟಿದ್ದರೆ ತಡಕ್ಕೆ ಕಾರಣ. ಇದರ ಜೊತೆಗೆ ಕಟ್ಟುನಿಟ್ಟಾಗಿ ನೆನಪಿಡಬೇಕಾದ್ದು: ಅಕ್ಕ ಜಾಗದಲ್ಲಿರಲಿಲ್ಲ. ಅವಳು ದೂರು ಕೊಡಬಹುದು, ಯಾರು ಬೇಕಾದರೂ ಕೊಡಬಹುದು. ಆದರೆ "ತಮ್ಮ ಹೇಳಿದ್ದರಿಂದ, ಗಾಡಿಯವರು ಹೇಳಿದ್ದರಿಂದ ತಿಳಿಯಿತು" ಎಂದೇ ಬರೆಯಬೇಕು. ಸಿಟ್ಟಿನಲ್ಲಿ ಕಣ್ಣಾರೆ ಕಂಡವಳ ಹಾಗೆ ಬರೆದರೆ, ಇಲ್ಲದ ಐದನೆಯವನ ಹೆಸರು ಸೇರಿಸಿದರೆ, ನಿಜವಾದ ನಾಲ್ವರೂ ಅದೇ ಬಿರುಕಿನಲ್ಲಿ ತಪ್ಪಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ನಿಮ್ಮ ನಾಟಕದ ಕೇಂದ್ರ ಇದೇ. ಮಾಡದ ತಪ್ಪಿಗೆ ನೋವುಂಡ ಮನೆಯವರು ಸತ್ಯಕ್ಕೆ ಒಂದು ಗುಲಗಂಜಿ ಸೇರಿಸಿದರೂ ಅದಕ್ಕೆ ಬೆಲೆ ತೆರಬೇಕಾಗುತ್ತದೆ.

ಮರುದಿನವೇ ಎದುರಿನವರು ಕೌಂಟರ್ ಕೇಸು ಕೊಡುತ್ತಾರೆ, "ಆ ಹುಡುಗನೇ ಮೊದಲು ಕೈ ಮಾಡಿದ" ಅಂತ. ಅವರಲ್ಲಿ ಒಬ್ಬ ಸಣ್ಣ ತರಚು ಗಾಯ ತೋರಿಸಿ ಆಸ್ಪತ್ರೆಗೆ ದಾಖಲಾಗಿರುತ್ತಾನೆ. ಉದ್ದೇಶ ರಾಜಿಗೆ ಎಳೆಯುವುದು. ರಾಜಿಯ ದೃಶ್ಯ ಬರೆಯುವಾಗ ಗಮನಿಸಿ: 109 ಮತ್ತು 118(2) ಕಕ್ಷಿದಾರರು ತಾವೇ ರಾಜಿ ಮಾಡಿಕೊಂಡು ಮುಗಿಸುವ ಅಪರಾಧಗಳಲ್ಲ. ಹಿರಿಯರ ಮುಂದೆ ಬರೆದ ಒಪ್ಪಂದ ಪತ್ರದಿಂದ ಕೇಸು ತಾನಾಗಿ ಮುಗಿಯುವುದಿಲ್ಲ. ಹೈಕೋರ್ಟಿಗೆ ಹೋಗಿ ರದ್ದು ಕೋರಬೇಕು. ಧಾರವಾಡ ಪೀಠವಲ್ಲ, ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರಿವೆ.

ಪ್ರಶ್ನೆ ಕೇಳಿದವರು: ಹವ್ಯಾಸಿ ರಂಗ, ದಾವಣಗೆರೆ

ತುಂಬ ಉಪಕಾರ ಸರ್. ಹಿರಿಯರು ಕಿವಿಯಲ್ಲಿ ಹೇಳುವ ಮಾತು ಮತ್ತು ಅಕ್ಕನ ದೂರು, ಎರಡನ್ನೂ ಇಟ್ಟುಕೊಂಡು ಮೊದಲಿನಿಂದ ಬರೆಯುತ್ತೇವೆ. ಎದುರಿನ ಅಂಗಡಿಯ ಸಿಸಿ ಕ್ಯಾಮೆರಾದಲ್ಲಿ ಎಲ್ಲ ಸೆರೆಯಾಗಿದೆ, ಅಕ್ಕ ಅದನ್ನು ಮೊಬೈಲಿಗೆ ಹಾಕಿಸಿಕೊಂಡು ಕೋರ್ಟಿಗೆ ತರುತ್ತಾಳೆ ಎಂದು ಕರಡಿನಲ್ಲಿದೆ. ಇದು ನಡೆಯುತ್ತದೆಯೇ? ಕೋರ್ಟಿನ ದೃಶ್ಯದ ಬಗ್ಗೆಯೂ ಹೇಳಿ.

ಉತ್ತರ: ಡಿವಿಆರ್ ದುರಸ್ತಿ

ಹಾಗೆ ತಂದರೆ ನಿಲ್ಲುವುದು ಕಷ್ಟ. ಮಾನಿಟರಿನ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದು ನಕಲಿನ ನಕಲು. ವಾಟ್ಸಾಪ್‌ನಲ್ಲಿ ಕಳಿಸಿದರೆ ಕಡತ ಕುಗ್ಗಿ ಮೂಲ ವಿವರಗಳು ಅಳಿಸಿಹೋಗುತ್ತವೆ. ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಎರಡು ಭಾಗ: ಸಾಧನ ಯಾರ ಸುಪರ್ದಿಯಲ್ಲಿತ್ತೋ ಅವರು ತುಂಬುವುದು ಒಂದು, ತಜ್ಞರು ತುಂಬುವುದು ಇನ್ನೊಂದು. ಕಡತದ ಹ್ಯಾಶ್ ಸಂಖ್ಯೆ ನಮೂದಿಸಬೇಕು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ, ತಿದ್ದಿಲ್ಲ ಎನ್ನುವುದಕ್ಕೆ ಅದೇ ಆಧಾರ.

ದೊಡ್ಡ ಶತ್ರು ಸಮಯ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಎಂಟು ಕ್ಯಾಮೆರಾಕ್ಕೆ 1 ಟಿಬಿ ಹಾರ್ಡ್‌ಡಿಸ್ಕ್ ಹಾಕಿರುತ್ತಾರೆ. 2 ಮೆಗಾಪಿಕ್ಸೆಲ್ ಕ್ಯಾಮೆರಾ ದಿನವಿಡೀ ರೆಕಾರ್ಡ್ ಆಗುತ್ತಿದ್ದರೆ, ಸೆಟ್ಟಿಂಗ್ ಮೇಲೆ ಐದಾರು ದಿನದಿಂದ ಹತ್ತು ಹನ್ನೊಂದು ದಿನಕ್ಕೆ ಡಿಸ್ಕ್ ತುಂಬಿ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಮನೆಯವರು ಆಸ್ಪತ್ರೆ ಬಿಟ್ಟು ಏಳುವ ಹೊತ್ತಿಗೆ ದೃಶ್ಯ ಹೋಗಿರುತ್ತದೆ. ಆದ್ದರಿಂದ ಎರಡನೇ ದಿನವೇ ಅಕ್ಕ ತನಿಖಾಧಿಕಾರಿಗೆ ಲಿಖಿತ ಅರ್ಜಿ ಕೊಡಬೇಕು: ಇಂಥ ಅಂಗಡಿ, ಇಂಥ ದಿಕ್ಕಿನ ಕ್ಯಾಮೆರಾ, ರಾತ್ರಿ 10ರಿಂದ 11ರವರೆಗಿನ ದೃಶ್ಯ, ಡಿವಿಆರ್ (ಕ್ಯಾಮೆರಾ ದೃಶ್ಯ ಉಳಿಸುವ ಪೆಟ್ಟಿಗೆ) ಜಪ್ತಿ ಮಾಡಿ. ಅಂಗಡಿಯವರಿಗೆ ರೆಕಾರ್ಡಿಂಗ್ ನಿಲ್ಲಿಸಲು ಹೇಳಿ ಎಂದೂ ಕೇಳಿಕೊಳ್ಳಬಹುದು. ಡಿವಿಆರ್ ಗಡಿಯಾರ ತಪ್ಪು ತೋರಿಸುವುದು ತೀರಾ ಸಾಮಾನ್ಯ, ಒಳಗಿನ ಬ್ಯಾಟರಿ ಸತ್ತು ಇಸವಿಯೇ ಹಿಂದಕ್ಕೆ ಹೋಗಿರುತ್ತದೆ. ಜಪ್ತಿ ಪಂಚನಾಮೆಯಲ್ಲಿ "ಡಿವಿಆರ್ ಸಮಯ ಇಷ್ಟು, ನಿಜ ಸಮಯ ಇಷ್ಟು" ಎಂದು ಬರೆಸದಿದ್ದರೆ ಆಮೇಲೆ ಆ ವ್ಯತ್ಯಾಸವೇ ಆರೋಪಿಯ ಕೈಗೆ ಆಯುಧ.

ಇನ್ನೊಂದು. ರಾತ್ರಿ ಹೊತ್ತು ಸಾದಾ ಕ್ಯಾಮೆರಾ ಕಪ್ಪುಬಿಳುಪಿಗೆ ತಿರುಗುತ್ತದೆ. ಮುಖ ಸ್ಪಷ್ಟ ಇರುವುದಿಲ್ಲ, ಬೈಕಿನ ನಂಬರ್ ಪ್ಲೇಟ್ ಹೆಡ್‌ಲೈಟಿನ ಬೆಳಕಿಗೆ ಬೆಳ್ಳಗೆ ಸುಟ್ಟಂತೆ ಕಾಣುತ್ತದೆ. "ಝೂಮ್ ಮಾಡಿ ಮುಖ ತೆಗೀರಿ" ಎನ್ನುವ ಸಂಭಾಷಣೆ ಬೇಡವೇ ಬೇಡ.

ಉತ್ತರ: ಜೆಎಂಎಫ್‌ಸಿ ಅಂಗಳ

ಕೋರ್ಟಿಗೆ ಬರುತ್ತೇನೆ. ನಮ್ಮ ಕೋರ್ಟುಗಳಲ್ಲಿ ಸುತ್ತಿಗೆ ಇಲ್ಲ, ಗೀತೆಯ ಮೇಲೆ ಕೈ ಇಡುವುದೂ ಇಲ್ಲ. ಅಟೆಂಡರು ಹೆಸರು ಕೂಗುತ್ತಾರೆ, ಸಾಕ್ಷಿ ಕಟಕಟೆಗೆ ಬಂದು ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತಾರೆ. ಕೇಸು ನಡೆಸುವವರು ಸರ್ಕಾರಿ ಅಭಿಯೋಜಕರು. ಮನೆಯವರು ತಮ್ಮ ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಅವರ ಪಾತ್ರ ಅಭಿಯೋಜಕರಿಗೆ ನೆರವಾಗುವುದು ಮತ್ತು ಕೋರ್ಟಿನ ಅನುಮತಿಯಿಂದ ಲಿಖಿತ ವಾದ ಕೊಡುವುದು. ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ ಹೇಳಬಹುದು, ಭಾಷಣ ಮಾಡುವಂತಿಲ್ಲ. ಅವಳು ಹೇಳಿದ್ದನ್ನು ನ್ಯಾಯಾಧೀಶರು ಹೇಳಿ ಬರೆಸುತ್ತಾರೆ, ಟೈಪು ಆಗುತ್ತಾ ಹೋಗುತ್ತದೆ. ಅವಳು ಪ್ರಾ.ಸಾ.1 (ಪ್ರಾಸಿಕ್ಯೂಷನ್ ಸಾಕ್ಷಿ), ಅವಳ ದೂರು ನಿ.ಪಿ.1 (ಗುರುತು ಹಾಕಿದ ದಾಖಲೆ), ರಕ್ತದ ಅಂಗಿ ಮು.ಮಾ.1 (ಮುದ್ದೆಮಾಲು). ಬದುಕಿನ ಅತಿ ಕೆಟ್ಟ ರಾತ್ರಿ ನಂಬರುಗಳಾಗಿ ಬದಲಾಗುವುದನ್ನು ಹಾಗೇ ತೋರಿಸಿ, ಅದಕ್ಕೆ ಒಂದೂವರೆ ಪುಟದ ಮಾತು ಬೇಕಿಲ್ಲ.

ಪಾಟೀ ಸವಾಲು ಹೀಗೆ ಬರುತ್ತದೆ: "ಬೀದಿದೀಪದಿಂದ ಗಾಡಿಗೆ ಎಷ್ಟು ಅಡಿ?" "ಪಂಚನಾಮೆಗೆ ಎಲ್ಲಿ ಸಹಿ ಮಾಡಿದಿರಿ, ಜಾಗದಲ್ಲೋ ಠಾಣೆಯಲ್ಲೋ?" ಗಾಡಿಯವನೇ ಮುಖ್ಯ ಪ್ರತ್ಯಕ್ಷ ಸಾಕ್ಷಿ. ದಿನಾ ಅದೇ ಬೀದಿಯಲ್ಲಿ ಗಾಡಿ ನಿಲ್ಲಿಸಬೇಕಾದವನು. ಅವನು "ನಾನು ನೋಡಿಲ್ಲ" ಎಂದು ತಿರುಗಿಬೀಳುವ ಸಾಧ್ಯತೆ ದೊಡ್ಡದು. ಅವನನ್ನು ಖಳನಾಯಕ ಮಾಡಬೇಡಿ. ಪೊಲೀಸರು ಬರೆದುಕೊಳ್ಳುವ ನಾಗರಿಕ ಸುರಕ್ಷಾ ಸಂಹಿತೆಯ 180ರ ಹೇಳಿಕೆಗೆ ಸಹಿ ಇರುವುದಿಲ್ಲ, ಬದಲಿಸುವುದು ಸುಲಭ. ಹೆದರಿಕೆ ಇರುವ ಸಾಕ್ಷಿಯ ಹೇಳಿಕೆಯನ್ನು 183ರಡಿ ಮ್ಯಾಜಿಸ್ಟ್ರೇಟರ ಮುಂದೆ ಮಾಡಿಸುವಂತೆ ಮನೆಯವರು ತನಿಖಾಧಿಕಾರಿಯನ್ನು ಬೇಗನೇ ಕೇಳಬೇಕಿತ್ತು. ಬೆದರಿಕೆ ಬಂದಿದ್ದರೆ 398ರಡಿ ಸಾಕ್ಷಿ ರಕ್ಷಣಾ ಯೋಜನೆ ಇದೆ.

ಅಕ್ಕನ ಧ್ವನಿಗೆ ನಿಜವಾದ ಜಾಗಗಳು ಬೇರೆ ಇವೆ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ಪೊಲೀಸರು ಅವಳಿಗೆ ತಿಳಿಸಬೇಕು, 193ರಲ್ಲಿದೆ. ಆರೋಪಿ ಜೈಲಿನಲ್ಲಿದ್ದರೆ, 109ರಂಥ ಕೇಸಿನಲ್ಲಿ 90 ದಿನದೊಳಗೆ ದೋಷಾರೋಪಣಾ ಪಟ್ಟಿ ಬಾರದಿದ್ದರೆ ಅವನಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ, ಹಾಗಾಗಿ ಆ ದಿನ ಎಣಿಸಬೇಕು. ಜಾಮೀನು ಅರ್ಜಿಗೆ ಆಕ್ಷೇಪಣೆ ಹಾಕಬಹುದು. ಸಂತ್ರಸ್ತರಿಗೆ ಪ್ರತಿ ಹಂತದಲ್ಲೂ ಮಾತು ಹೇಳುವ ಹಕ್ಕಿದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಪೊಲೀಸರು ಬಿ ರಿಪೋರ್ಟ್ (ಕೇಸು ಮುಕ್ತಾಯದ ವರದಿ) ಹಾಕಿದರೆ ದೂರುದಾರರಿಗೆ ನೋಟಿಸು ಬರಬೇಕು, ಅದಕ್ಕೆ ತಕರಾರು ಅರ್ಜಿ ಹಾಕಬಹುದು. ಆರೋಪಿಗಳು ಖುಲಾಸೆಯಾದರೆ ಸರ್ಕಾರ ಸುಮ್ಮನಿದ್ದರೂ 413ರಡಿ ತಾವೇ ಮೇಲ್ಮನವಿ ಹೋಗಬಹುದು. ಈ ಹಕ್ಕನ್ನು ಗಟ್ಟಿ ಮಾಡಿದ ತೀರ್ಪು ಕರ್ನಾಟಕದ ಹಲ್ಲೆ ಪ್ರಕರಣವೊಂದರದು. ಹಲ್ಲೆ ನಡೆದದ್ದು 2009ರಲ್ಲಿ, ಸುಪ್ರೀಂ ಕೋರ್ಟ್ ತೀರ್ಪು 2018ರ ಅಕ್ಟೋಬರ್ 12ರಂದು. ಅಷ್ಟರಲ್ಲಿ ಪೆಟ್ಟು ತಿಂದವರು ತೀರಿಕೊಂಡಿದ್ದರು, ಕೇಸು ಮುಂದುವರಿಸಿದ್ದು ವಾರಸುದಾರರು. ನಿಮ್ಮ ನಾಟಕದಲ್ಲಿ ಕಾಲ ಎಷ್ಟು ಉದ್ದ ಇರಬೇಕು ಎಂಬುದಕ್ಕೆ ಇದನ್ನು ಅಳತೆಯಾಗಿ ಇಟ್ಟುಕೊಳ್ಳಿ.

ಉತ್ತರ: ನೇಪಥ್ಯ, ಚಿತ್ರದುರ್ಗ

ಹೊಡೆದಾಟದ ಬಗ್ಗೆ ಯಾರೂ ಬರೆದಿಲ್ಲ. ರಾಡಿಗೆ ಅರ್ಧ ಇಂಚಿನ ಪಿವಿಸಿ ಪೈಪು, ಮೇಲೆ ಫೋಮ್ ಸುತ್ತಿ ಕಪ್ಪು ಬಟ್ಟೆಯ ಟೇಪು. ಲಾಂಗಿಗೆ 10 ಮಿ.ಮೀ. ದಪ್ಪದ ಫೋಮ್ ಶೀಟು ಕತ್ತರಿಸಿ ಬೆಳ್ಳಿಬಣ್ಣ. ಮೊಂಡು ಮಾಡಿದ ಕಬ್ಬಿಣವೂ ಬೇಡ. ಆಯುಧದ ತುದಿಗೂ ನಟನ ಮೈಗೂ ಕನಿಷ್ಠ ಎರಡು ಅಡಿ ಅಂತರ ಇರಲಿ. ಪೆಟ್ಟು ತಿನ್ನುವವನ ಬೆನ್ನು ಪ್ರೇಕ್ಷಕರ ಕಡೆ, ಹೊಡೆಯುವವನ ಮುಖ ಪ್ರೇಕ್ಷಕರ ಕಡೆ ಇದ್ದರೆ ಆ ಅಂತರ ಕಾಣುವುದಿಲ್ಲ. ಸದ್ದು ಮಾಡಬೇಕಾದವನು ಪೆಟ್ಟು ತಿನ್ನುವವನೇ, ಮರೆಯಲ್ಲಿರುವ ಕೈಯಿಂದ ತನ್ನ ತೊಡೆಗೆ ಬಡಿದುಕೊಂಡು. ಎಳೆದಾಡುವಾಗಲೂ ಚಲನೆಯ ಹಿಡಿತ ಅವನ ಬಳಿಯೇ ಇರಬೇಕು, ಎಳೆಯುವವನು ಎಳೆಯುವಂತೆ ನಟಿಸುತ್ತಾನೆ ಅಷ್ಟೇ. ಪ್ರತಿ ಬೀಸಿಗೂ ಮುಂಚೆ ಇಬ್ಬರ ಕಣ್ಣು ಸೇರಬೇಕು. ಇಡೀ ಹೊಡೆದಾಟ ಎಂಟು ಎಣಿಕೆಯೊಳಗೆ ಮುಗಿಸಿ, ಕಾಲು ವೇಗದಲ್ಲಿ ಕಲಿಸಿ, ಪ್ರತಿ ಪ್ರದರ್ಶನದ ಮುಂಚೆ ಅರ್ಧ ವೇಗದಲ್ಲಿ ಒಮ್ಮೆ ಮಾಡಿಸಿ.

ರಕ್ತಕ್ಕೆ: ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲುಕೋಸ್ 200 ಮಿ.ಲೀ., ನೀರು 50 ಮಿ.ಲೀ., ಕೆಂಪು ತಿನಿಸು ಬಣ್ಣ ಎರಡು ಟೀ ಚಮಚ, ಕೋಕೋ ಪುಡಿ ಕಾಲು ಚಮಚ. ಬಟ್ಟೆಗೆ ಮಾತ್ರ ಹಾಕುವುದಾದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಚಮಚ ಸೇರಿಸಿ, ಕಲೆ ಬೇಗ ಬಿಡುತ್ತದೆ, ಬಾಯಿಗೆ ಬಳಸುವುದಕ್ಕೆ ಅದು ಬೇಡ. ಸಣ್ಣ ಸ್ಪಂಜಿಗೆ 20 ಮಿ.ಲೀ. ಹೀರಿಸಿ ಅಂಗೈಯಲ್ಲಿಟ್ಟು ತಲೆಗೆ ಒತ್ತಿದರೆ ಸಾಕು. ನೆಲಕ್ಕೆ ಚೆಲ್ಲಿದರೆ ಬರಿಗಾಲಿನ ನಟರು ಜಾರುತ್ತಾರೆ. ಕೆಂಪು ಬೆಳಕಿನಲ್ಲಿ ಈ ರಕ್ತ ಕಾಣುವುದೇ ಇಲ್ಲ, ನೀಲಿಯಲ್ಲಿ ಕಪ್ಪಾಗುತ್ತದೆ, ಹಳದಿ ಬೀದಿದೀಪದ ಬೆಳಕು ಸರಿ.

ದಾವಣಗೆರೆ ಪ್ರೇಕ್ಷಕರು ಕೆ.ಬಿ.ಆರ್. ಡ್ರಾಮಾ ಕಂಪನಿಯ ಮಾತುಗಾರಿಕೆ ಕೇಳಿ ಬೆಳೆದವರು, ಅವರಿಗೆ ಸಂಭಾಷಣೆ ಬೇಕೇ ಬೇಕು. ಅದನ್ನು ಕೋರ್ಟಿನಿಂದ ತೆಗೆದು ಕ್ಯಾಶುವಾಲ್ಟಿಯ ಹೊರಗಿನ ಬೆಂಚಿಗೆ ತನ್ನಿ. ಉಡುಪಿನಲ್ಲಿ ಪಿಎಸ್‌ಐಗೆ ಎರಡು ನಕ್ಷತ್ರ, ಇನ್ಸ್‌ಪೆಕ್ಟರಿಗೆ ಮೂರು, ತಪ್ಪಬೇಡಿ.

ಉತ್ತರ: ಕಾನೂನು ನೆರವು ಸ್ವಯಂಸೇವಕ

ದುಡ್ಡಿನ ವಿಷಯ ಬಿಟ್ಟುಹೋಗಿದೆ. ಹಮಾಲಿಯ ಮನೆಯಲ್ಲಿ ಅದೇ ಮೊದಲ ಚಿಂತೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 396ರಡಿ ಪರಿಹಾರಕ್ಕೆ ಅರ್ಜಿ ಹಾಕಬಹುದು. ಆರೋಪಿ ಪತ್ತೆಯೇ ಆಗದಿದ್ದರೂ ಹಾಕಬಹುದು. ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ಠಾಣಾಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರದ ಮೇಲೆ ತುರ್ತು ಚಿಕಿತ್ಸೆಯ ನೆರವನ್ನೂ ಕೊಡಿಸಬಹುದು, ಇದನ್ನು ಕೇಳುವವರೇ ಕಡಿಮೆ. ಎಫ್‌ಐಆರ್ ಪ್ರತಿ, ಗಾಯದ ಪತ್ರ, ಬಿಲ್ಲುಗಳು, ಬ್ಯಾಂಕ್ ಪಾಸ್‌ಬುಕ್ ಪ್ರತಿ ಬೇಕು. ಔಷಧಿ ಅಂಗಡಿಯ ತೆಳು ಕಾಗದದ ಬಿಲ್ಲು ಕೆಲವೇ ತಿಂಗಳಲ್ಲಿ ಅಕ್ಷರ ಅಳಿಸಿ ಬಿಳಿಯಾಗುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಬೇಕು. ಅಕ್ಕ ಹೆಣ್ಣುಮಗಳಾದ್ದರಿಂದ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹಳು. ಸಹಾಯವಾಣಿ 15100.

ಅಪ್ಪನಿಗೆ ಓದುಬರಹ ಬಾರದಿದ್ದರೆ, ಅವರೇ ಬಾಯಿಮಾತಿನಲ್ಲಿ ದೂರು ಹೇಳುವ ದೃಶ್ಯವನ್ನೂ ಮಾಡಬಹುದು. ಪೊಲೀಸರು ಬರೆದುಕೊಂಡು ಓದಿ ಹೇಳಲೇಬೇಕು, ಆಮೇಲೆ ಎಡಗೈ ಹೆಬ್ಬೆಟ್ಟು. ಓದಿ ಹೇಳುವಾಗ "ರಾಡಿನಿಂದ" ಎಂದು ಹೇಳಿದ್ದು "ಕೈಗಳಿಂದ" ಎಂದು ಬರೆದಿದ್ದರೆ ಒತ್ತುವ ಮುಂಚೆಯೇ ತಿದ್ದಿಸಬೇಕು.